ದೀನಿಯಾತ್, ಅಖ್ಲಾಕ್ ಮತ್ತು ಮಗುವಿನ ಭಾಷೆ: ನಿಜಾಮ್ ಸಂಸ್ಥಾನದ ಪ್ರಾಥಮಿಕ ಶಾಲೆಗಳಲ್ಲಿ ಧರ್ಮಬೋಧನೆಯ ಪ್ರಶ್ನೆ

1. ಪ್ರಸ್ತಾವನೆ

ಎಳೆಯ ಮಕ್ಕಳಿಗೆ ಶಾಲೆಯಲ್ಲಿ ಧರ್ಮವನ್ನು ಕಲಿಸಬೇಕೆ, ಕಲಿಸುವುದಾದರೆ ಯಾರ ಧರ್ಮವನ್ನು, ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಸಂವಿಧಾನದ ಚರ್ಚೆಯಾಗಿ ಅಥವಾ ಶಿಕ್ಷಣಶಾಸ್ತ್ರದ ಚರ್ಚೆಯಾಗಿ ನೋಡಲಾಗುತ್ತದೆ. ಆದರೆ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಈ ಪ್ರಶ್ನೆ ಸಂವಿಧಾನಕ್ಕಿಂತ ಬಹಳ ಮೊದಲೇ, ನಿತ್ಯದ ವೇಳಾಪಟ್ಟಿಯ ಪ್ರಶ್ನೆಯಾಗಿ, ಎದುರಾಗಿತ್ತು. ಅಲ್ಲಿನ ಶಾಲೆಗಳು ಅದಕ್ಕೆ ಕೊಟ್ಟ ಉತ್ತರಗಳೇನು, ಆ ಉತ್ತರಗಳ ಮಿತಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕದ ಹೊರಗಿರುವ ಸಂಶೋಧಕರ ಅನುಕೂಲಕ್ಕಾಗಿ ಪ್ರದೇಶದ ಬಗೆಗೆ ಒಂದೆರಡು ಮಾತು ಅಗತ್ಯ. ಆಸಫ್‌ಜಾಹಿ ಅರಸರ ಆಳಿಕೆಯಲ್ಲಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮತ್ತು ಉರ್ದು ಎಂಬ ನಾಲ್ಕು ಪ್ರಮುಖ ಭಾಷೆಗಳ ಜನರಿದ್ದರು. ಅರ್ಧಕ್ಕೆ ಸಮೀಪದಷ್ಟು ಜನ ತೆಲುಗರು, ಕಾಲುಭಾಗದಷ್ಟು ಮರಾಠಿಗರು. ಉರ್ದು ಮಾತೃಭಾಷೆಯವರು ಸುಮಾರು ಹತ್ತರಲ್ಲೊಂದು ಪಾಲು. ಕನ್ನಡಿಗರು ಅದಕ್ಕಿಂತ ತುಸು ಹೆಚ್ಚು. ರಾಯಚೂರು, ಗುಲಬರ್ಗಾ ಮತ್ತು ಬೀದರ್ ಕನ್ನಡದ ಮೂರು ಜಿಲ್ಲೆಗಳು. 1956ರ ನವೆಂಬರ್ 1ರಂದು ಇವು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಅನಂತರ ಹೈದರಾಬಾದ್ ಕರ್ನಾಟಕವೆಂದು ಕರೆಯಲ್ಪಟ್ಟ ಈ ಭಾಗಕ್ಕೆ 2019ರಿಂದ ಕಲ್ಯಾಣ ಕರ್ನಾಟಕವೆಂಬ ಹೆಸರಿದೆ.

ಈ ಪ್ರದೇಶದ ಶಿಕ್ಷಣದ ಇತಿಹಾಸವನ್ನು ಕುರಿತು ಎರಡು ಬಗೆಯ ಕಥನಗಳು ಬಳಕೆಯಲ್ಲಿವೆ. ಒಂದು ಕಥನದ ಪ್ರಕಾರ ನಿಜಾಮರ ಶಾಲೆ ಎಂದರೆ ಉರ್ದುವಿನ ಹೇರಿಕೆ ಮತ್ತು ಕನ್ನಡದ ದಮನ ಮಾತ್ರ. ಇನ್ನೊಂದರ ಪ್ರಕಾರ ಅದು ಎಲ್ಲ ಮತದವರೂ ಒಂದೇ ಬೆಂಚಿನ ಮೇಲೆ ಕೂತು ಕಲಿತ ಸಾಮರಸ್ಯದ ಕಾಲ. ಎರಡೂ ಕಥನಗಳಿಗೆ ಆಧಾರಗಳಿವೆ. ಆದರೆ ಎರಡೂ ಪ್ರಾಥಮಿಕ ಶಾಲೆಯೊಳಗಿನ ಪಾಠವನ್ನು ಬಿಟ್ಟು ಪ್ರಭುತ್ವದ ಸ್ವಭಾವವನ್ನು ಕುರಿತೇ ಮಾತನಾಡುತ್ತವೆ ಎಂಬುದು ನಮ್ಮ ಆಕ್ಷೇಪ. ಮಗುವಿನ ಕಡೆಯಿಂದ ನೋಡಿದಾಗ ಧರ್ಮಬೋಧನೆಯ ಪ್ರಶ್ನೆಯೂ ಬೋಧನಾ ಮಾಧ್ಯಮದ ಪ್ರಶ್ನೆಯೂ ಬೇರೆ ಬೇರೆಯಾಗಿರಲಿಲ್ಲವೆಂಬುದು, ಒಂದನ್ನು ಬಗೆಹರಿಸಲು ಹೊರಟ ವ್ಯವಸ್ಥೆ ಇನ್ನೊಂದರಲ್ಲಿ ಸಿಕ್ಕಿಕೊಂಡಿತೆಂಬುದು ಸ್ಪಷ್ಟವಾಗುತ್ತದೆ.

2. ಐಗಳ ಮಠ ಮತ್ತು ಮಕ್ತಬ್

ಇಲಾಖೆಯ ಶಾಲೆಗಳು ಬರುವ ಮೊದಲು ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದವರು ಐಗಳು. ಹೆಚ್ಚಾಗಿ ಜಂಗಮ ಸಮುದಾಯದವರಾದ ಇವರು ಗುಡಿಯ ಪೌಳಿಯಲ್ಲೋ ಮಠದ ಕಟ್ಟೆಯ ಮೇಲೋ ಗೌಡರ ಪಡಸಾಲೆಯಲ್ಲೋ ಶಾಲೆ ನಡೆಸುತ್ತಿದ್ದರು. ಕೂಲಿಮಠ, ಗಾವಟಿ ಶಾಲೆ ಎಂಬ ಹೆಸರುಗಳೂ ಇವಕ್ಕೆ ಸಲ್ಲುತ್ತಿದ್ದವು. ಗುರುವಿಗೆ ಸಂಬಳವೆಂಬುದು ಬಹುಮಟ್ಟಿಗೆ ಕಾಳುಕಡ್ಡಿಯ ರೂಪದಲ್ಲಿ ಸಲ್ಲುತ್ತಿತ್ತು. ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ತಿದ್ದುತ್ತಿದ್ದರು. ಮಗ್ಗಿ, ಲೆಕ್ಕ, ಓಲೆ ಬರೆಯುವ ಕ್ರಮ ಕಲಿತ ಮೇಲೆ ಶತಕಗಳನ್ನೂ ಪುರಾಣ ಕಾವ್ಯಗಳ ಆಯ್ದ ಭಾಗಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಮೊದಲ ಅಕ್ಷರಕ್ಕೆ ಮೊದಲೇ ದೇವರ ನಾಮ ಬರುತ್ತಿತ್ತು. ಅಕ್ಷರಾಭ್ಯಾಸವು ಒಂದು ಸಂಸ್ಕಾರವಾಗಿತ್ತೇ ಹೊರತು ಕೇವಲ ಕೌಶಲವಾಗಿರಲಿಲ್ಲ.

ಪಟ್ಟಣಗಳಲ್ಲಿಯೂ ದೊಡ್ಡ ಊರುಗಳಲ್ಲಿಯೂ ಇದ್ದ ಮಕ್ತಬ್‌ಗಳ ಕ್ರಮವೂ ರಚನೆಯಲ್ಲಿ ಇದಕ್ಕೆ ಹತ್ತಿರವಾದುದೇ. ಮುಸ್ಲಿಂ ಕುಟುಂಬದ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಶಾಸ್ತ್ರ ನಡೆಸಿ ಅಕ್ಷರ ಹೇಳಿಕೊಡುವುದು ಪದ್ಧತಿ. ಕುರಾನಿನ ಪಠಣದ ಬಳಿಕ ಸಾದಿ ಕವಿಯ ಗುಲಿಸ್ತಾನ್, ಬೋಸ್ತಾನ್‌ಗಳಂತಹ ಫಾರಸಿ ನೀತಿಗ್ರಂಥಗಳು ಬರುತ್ತಿದ್ದವು. ಈ ಎರಡನೆಯ ಹಂತಕ್ಕೆ ಹಿಂದೂ ಮಕ್ಕಳೂ ಸೇರುತ್ತಿದ್ದರು. ಫಾರಸಿಯೇ ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ ಕಾಯಸ್ಥ, ಖತ್ರಿ ಮನೆತನಗಳವರೂ ದೇಶಪಾಂಡೆ, ಕುಲಕರ್ಣಿ ಮನೆತನಗಳ ಕೆಲವರೂ ಮೌಲ್ವಿಗಳ ಬಳಿ ಫಾರಸಿ ಕಲಿತರು. ಅವರಿಗೆ ಗುಲಿಸ್ತಾನ್ ಮತಗ್ರಂಥವಾಗಿರಲಿಲ್ಲ. ಸಭ್ಯತೆಯನ್ನೂ ದಫ್ತರದ ಭಾಷೆಯನ್ನೂ ಒಟ್ಟಿಗೆ ಕಲಿಸುವ ಪಠ್ಯವಾಗಿತ್ತು.

ಈ ದೇಶೀಯ ವ್ಯವಸ್ಥೆಯನ್ನು ಆದರ್ಶೀಕರಿಸುವ ಪ್ರವೃತ್ತಿಯನ್ನು ನಾವು ಒಪ್ಪುವುದಿಲ್ಲ. ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಮಕ್ಕಳಿಗೆ ಐಗಳ ಕಟ್ಟೆಯ ಮೇಲೆ ಸ್ಥಳವಿರಲಿಲ್ಲ; ಹೆಣ್ಣುಮಕ್ಕಳು ವಿರಳ. ಆದರೂ ಒಂದು ಅಂಶ ಗಮನಾರ್ಹ. ಈ ಶಾಲೆಗಳಲ್ಲಿ ಧರ್ಮವೆಂಬುದು ಪ್ರತ್ಯೇಕ ವಿಷಯವಾಗಿರಲಿಲ್ಲ. ಅದಕ್ಕೆಂದು ಒಂದು ಗಂಟೆ, ಒಂದು ಪುಸ್ತಕ, ಒಂದು ಪರೀಕ್ಷೆ ಇರಲಿಲ್ಲ. ಧರ್ಮವನ್ನು ಭಾಷೆ, ಲೆಕ್ಕ, ನಡೆನುಡಿಗಳಿಂದ ಬೇರ್ಪಡಿಸಿ ಒಂದು ವಿಷಯವನ್ನಾಗಿ ಮಾಡಿದ್ದು ಆಧುನಿಕ ಶಾಲೆ.

ಶಾಲೆಯ ಹೊರಗಿನ ಪರಿಸರವನ್ನೂ ಇಲ್ಲಿ ನೆನೆಯಬೇಕು. ಗುಲಬರ್ಗಾದಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜ್ ಗೇಸೂದರಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿ ಒಂದೇ ಊರಿನ ಎರಡು ಜಾತ್ರೆಗಳ ಕೇಂದ್ರಗಳು. ತಿಂಥಿಣಿಯ ಮೌನೇಶ್ವರ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸ್ಥಾನ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ 19ನೆಯ ಶತಮಾನದ ಮಾಣಿಕಪ್ರಭುಗಳು ಎಲ್ಲ ಮತಗಳೂ ಒಂದೇ ಸತ್ಯದ ಕಡೆಗೆ ಒಯ್ಯುತ್ತವೆಂಬ ಸಕಲಮತ ಸಿದ್ಧಾಂತವನ್ನು ಬೋಧಿಸಿದರು. ಮೊಹರಮ್ ಹಬ್ಬದ ಅಲಾಯಿ ಕುಣಿಗೆ ಮುಸ್ಲಿಂ ಮನೆಯೊಂದೂ ಇಲ್ಲದ ಹಳ್ಳಿಗಳಲ್ಲಿಯೂ ಜನ ಸೇರುವುದುಂಟು. ಈ ಪರಿಸರದಿಂದ ಬಂದ ಮಗುವಿಗೆ ಧರ್ಮಗಳ ವೈವಿಧ್ಯವು ಶಾಲೆಯಲ್ಲಿ ಹೊಸದಾಗಿ ಕಲಿಯಬೇಕಾದ ಪಾಠವಾಗಿರಲಿಲ್ಲ. ಶಾಲೆ ಆ ಅರಿವನ್ನು ಏನು ಮಾಡಿತು ಎಂಬುದೇ ಮುಖ್ಯ ಪ್ರಶ್ನೆ.

3. ಇಲಾಖೆಯ ಶಾಲೆ ಮತ್ತು ಇಬ್ಭಾಗವಾದ ಗಂಟೆ

ಒಂದನೆಯ ಸಾಲಾರ್ ಜಂಗ್ (ದಿವಾನಗಿರಿ 1853–1883) ಕಾಲದಲ್ಲಿ ಆರಂಭವಾದ ಆಡಳಿತ ಸುಧಾರಣೆಯ ಅಂಗವಾಗಿ ಸಂಸ್ಥಾನದಲ್ಲಿ ಆಧುನಿಕ ಶಾಲೆಗಳು ಬಂದವು. 1880ರ ದಶಕದಲ್ಲಿ ಫಾರಸಿಯ ಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಯಿತು. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ತಾಲೀಮಾತ್ ಇಲಾಖೆ ವಿಸ್ತಾರಗೊಂಡಿತು. 1916ರಿಂದ 1928ರವರೆಗೆ ಇಲಾಖೆಯ ನಿರ್ದೇಶಕರಾಗಿದ್ದ ಸೈಯದ್ ರಾಸ್ ಮಸೂದ್ ಜಪಾನಿನ ಶಿಕ್ಷಣ ಪದ್ಧತಿಯನ್ನು ಕಣ್ಣಾರೆ ಕಂಡು ಅದರ ಬಗೆಗೆ ಗ್ರಂಥ ರಚಿಸಿದವರು. ದೇಶಭಾಷೆಯಲ್ಲಿಯೇ ಆಧುನಿಕ ವಿದ್ಯೆಯನ್ನು ಕೊಡಬಹುದೆಂಬ ಅವರ ನಂಬಿಕೆಗೆ ಆ ಅನುಭವ ಬಲ ಕೊಟ್ಟಿತು.

ಇದೇ ಕಾಲದ ಬ್ರಿಟಿಷ್ ಭಾರತದೊಡನೆ ಹೋಲಿಸಿದರೆ ಸಂಸ್ಥಾನದ ನಿಲುವಿನ ವಿಶೇಷ ತಿಳಿಯುತ್ತದೆ. 1854ರ ವುಡ್ ನಿರೂಪವು ಸರಕಾರಿ ಶಾಲೆಗಳಲ್ಲಿ ಧರ್ಮಬೋಧನೆ ಕೂಡದೆಂದು ವಿಧಿಸಿತ್ತು. 1858ರ ರಾಣಿಯ ಘೋಷಣೆ ಮತವಿಷಯಗಳಲ್ಲಿ ತಟಸ್ಥತೆಯನ್ನು ಸಾರಿತ್ತು. 1882ರ ಹಂಟರ್ ಆಯೋಗವು ಎಲ್ಲರಿಗೂ ಒಪ್ಪಿಗೆಯಾಗುವ ಸಹಜ ಧರ್ಮದ ತತ್ತ್ವಗಳನ್ನು ಆಧರಿಸಿದ ನೀತಿಪಾಠದ ಪುಸ್ತಕವೊಂದನ್ನು ಸೂಚಿಸಿದಾಗ ಸರಕಾರ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹೈದರಾಬಾದಿನ ಪ್ರಭುತ್ವ ಇಂತಹ ತಟಸ್ಥತೆಯನ್ನು ಅಂಗೀಕರಿಸಲಿಲ್ಲ. ಧರ್ಮವಿಲ್ಲದ ಶಿಕ್ಷಣ ಅಪೂರ್ಣವೆಂಬುದು ಅದರ ಗೃಹೀತ. ಆದರೆ ಪ್ರಜೆಗಳಲ್ಲಿ ಬಹುಸಂಖ್ಯಾತರು ಹಿಂದೂಗಳು. ಮುಸಲ್ಮಾನರು ಎಂಟು ಒಂಬತ್ತು ಜನರಲ್ಲಿ ಒಬ್ಬರು. ಈ ಸನ್ನಿವೇಶದಲ್ಲಿ ರೂಪುಗೊಂಡದ್ದು ಎರಡು ಕವಲಿನ ಪದ್ಧತಿ. ಮುಸ್ಲಿಂ ವಿದ್ಯಾರ್ಥಿಗಳಿಗೆ ದೀನಿಯಾತ್, ಅಂದರೆ ಮತಶಾಸ್ತ್ರ. ಇತರರಿಗೆ ಅಖ್ಲಾಕ್ ಅಥವಾ ಅಖ್ಲಾಕಿಯಾತ್, ಅಂದರೆ ನೀತಿಶಾಸ್ತ್ರ. 1919ರಲ್ಲಿ ಪಾಠಗಳನ್ನು ಆರಂಭಿಸಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಇದು ಕಡ್ಡಾಯ ವಿಷಯವಾಗಿತ್ತು. ಶಾಲೆಗಳಲ್ಲಿಯೂ ಇದೇ ವಿಭಜನೆ ನಡೆಯಿತು.

ಮೇಲುನೋಟಕ್ಕೆ ಇದು ಉದಾರವಾದ ಏರ್ಪಾಡು. ಹಿಂದೂ ಮಗುವಿನ ಮೇಲೆ ಇಸ್ಲಾಮನ್ನು ಹೇರುವ ಉದ್ದೇಶ ಇದರಲ್ಲಿರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಕ್ರೈಸ್ತ ಮಿಷನ್ ಶಾಲೆಗಳಲ್ಲಿ ಬೈಬಲ್ ಪಾಠ ಎಲ್ಲ ಮಕ್ಕಳಿಗೂ ನಡೆಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ಚಿಕ್ಕ ಸಂಗತಿಯಲ್ಲ. ಆದರೆ ಈ ವಿಭಜನೆಯ ತಾರ್ಕಿಕ ಪರಿಣಾಮಗಳನ್ನು ಸೂಕ್ಷ್ಮವಾಗಿ ನೋಡಿದಾಗ ಮೂರು ಸಂಗತಿಗಳು ಹೊರಪಡುತ್ತವೆ.

ಮೊದಲನೆಯದು, ಇಲ್ಲಿ ಒಂದು ಗುಂಪಿನ ಮಕ್ಕಳಿಗೆ ಧರ್ಮವಿದೆ, ಉಳಿದವರಿಗೆ ನೀತಿ ಮಾತ್ರ ಇದೆ. ಲಿಂಗಾಯತ, ಬ್ರಾಹ್ಮಣ, ಜೈನ, ದಲಿತ, ಲಂಬಾಣಿ ಮಕ್ಕಳೆಲ್ಲರೂ 'ಇತರರು' ಎಂಬ ಒಂದೇ ವರ್ಗಕ್ಕೆ ಸೇರಿದರು. ಅವರ ಮನೆಗಳಲ್ಲಿ ಬೇರೆ ಬೇರೆ ದೇವರುಗಳು, ಬೇರೆ ಬೇರೆ ಆಚಾರಗಳು. ಶಾಲೆಯ ಲೆಕ್ಕದಲ್ಲಿ ಅವಕ್ಕೆ ಹೆಸರಿಲ್ಲ. ಇತ್ತ ದೀನಿಯಾತ್ ಕಲಿಯುವ ಮಗುವಿಗೂ ಹಳ್ಳಿಯ ಅಲಾಯಿ ಕುಣಿಯ ಇಸ್ಲಾಂ ದೊರೆಯುತ್ತಿರಲಿಲ್ಲ. ಗ್ರಂಥಸ್ಥವಾದ, ಪರೀಕ್ಷೆಗೆ ಒಡ್ಡಬಹುದಾದ ಇಸ್ಲಾಂ ದೊರೆಯುತ್ತಿತ್ತು. ಎರಡೂ ಕವಲುಗಳಲ್ಲಿ ಬಿಟ್ಟುಹೋದದ್ದು ಮಕ್ಕಳು ಒಟ್ಟಾಗಿ ಕಂಡಿದ್ದ ಧರ್ಮಜೀವನ.

ಎರಡನೆಯದು, ಅಖ್ಲಾಕ್ ಎಂಬುದು ತಟಸ್ಥವಾದ ನೀತಿಪಾಠವೇನೂ ಆಗಿರಲಿಲ್ಲ. 13ನೆಯ ಶತಮಾನದಲ್ಲಿ ನಸೀರುದ್ದೀನ್ ತೂಸಿ ರಚಿಸಿದ ಅಖ್ಲಾಕ್-ಎ-ನಾಸಿರಿಯಿಂದ ಹರಿದು ಬಂದ ದೊಡ್ಡ ಪರಂಪರೆ ಈ ಪದದ ಹಿಂದಿದೆ. ಗ್ರೀಕ್ ನೀತಿಶಾಸ್ತ್ರವನ್ನು ಒಳಗೊಂಡಿದ್ದ ಆ ಪರಂಪರೆ ಮೊಗಲ್ ಭಾರತದ ಹಿಂದೂ ಮುನ್ಷಿಗಳಿಗೂ ಪರಿಚಿತವಾಗಿತ್ತು. ಹೀಗಾಗಿ ಅಖ್ಲಾಕ್ ಹಿಂದೂಗಳಿಗೆ ಪರಕೀಯವೆಂದು ಹೇಳುವುದು ಚಾರಿತ್ರಿಕವಾಗಿ ಸರಿಯಲ್ಲ. ಆದರೆ ಆ ಪರಿಚಯ ಬರೆವಣಿಗೆಯ ವೃತ್ತಿಯ ಕೆಲವು ಮನೆತನಗಳಿಗೆ ಸೀಮಿತವಾಗಿತ್ತು. ಮಾನ್ವಿಯ ಅಥವಾ ಸುರಪುರದ ರೈತನ ಮಗನಿಗೆ ಆ ಪರಂಪರೆಯ ಬಾಗಿಲು ತೆರೆಯಬೇಕಾದರೆ ಮೊದಲು ಅದರ ಭಾಷೆ ಬರಬೇಕಿತ್ತು. ನೀತಿಪಾಠ ಭಾಷಾಪಾಠದ ಮೇಲೆ ನಿಂತಿತ್ತು.

ಮೂರನೆಯದು, ಈ ಗಂಟೆ ಬಂದಾಗ ತರಗತಿ ಎರಡಾಗುತ್ತಿತ್ತು. ಉಳಿದ ವಿಷಯಗಳಿಗೆ ಒಟ್ಟಿಗೆ ಕೂರುವ ಮಕ್ಕಳು ತಮ್ಮ ಭೇದವನ್ನು ಅರಿಯುವುದು ಈ ಗಂಟೆಯಲ್ಲಿ. ಪರಸ್ಪರರ ಧರ್ಮವನ್ನು ಕುರಿತು ತಿಳಿಯುವ ಅವಕಾಶ ಇಬ್ಬರಿಗೂ ಇರಲಿಲ್ಲ. ಭೇದವನ್ನು ಗೌರವಿಸಲೆಂದು ಮಾಡಿದ ವ್ಯವಸ್ಥೆ ಭೇದವನ್ನು ಕಲಿಸುವ ವ್ಯವಸ್ಥೆಯೂ ಆಯಿತು.

4. ಮಾಧ್ಯಮದ ಪ್ರಶ್ನೆ

ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿದ ಮೊದಲ ದೊಡ್ಡ ಪ್ರಯೋಗ. 1917ರಲ್ಲಿ ಸ್ಥಾಪಿತವಾದ ಅನುವಾದ ಸಂಸ್ಥೆ ದಾರುಲ್ ತರ್ಜುಮಾ ವಿಜ್ಞಾನ, ಇತಿಹಾಸ, ಕಾನೂನುಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ರವೀಂದ್ರನಾಥ ಠಾಕೂರರೂ ಈ ಸಾಹಸವನ್ನು ಸ್ವಾಗತಿಸಿದ್ದರು. ಆದರೆ ಮಾತೃಭಾಷೆಯಲ್ಲಿ ಕಲಿಕೆ ಎಂಬ ಇದೇ ತತ್ತ್ವವನ್ನು ರಾಯಚೂರಿನ ಮಗುವಿಗೆ ಅನ್ವಯಿಸಿದಾಗ ಬರಬೇಕಾದ ಉತ್ತರ ಕನ್ನಡವೇ ಹೊರತು ಉರ್ದುವಲ್ಲ. ನೀತಿಯ ಮಟ್ಟದಲ್ಲಿ ಪ್ರಾಥಮಿಕ ಹಂತದಲ್ಲಿ ಸ್ಥಳೀಯ ಭಾಷೆಗೆ ಅವಕಾಶವಿತ್ತು. ಮಾಧ್ಯಮಿಕ ಹಂತದಿಂದ ಮುಂದಿನ ದಾರಿ ಉರ್ದುವಿನದು. ಮುಂದಿನ ದಾರಿಯೇ ಉರ್ದುವಾದಾಗ ಹಿಂದಿನ ಹಂತವೂ ಅದಕ್ಕೆ ಸಿದ್ಧತೆಯಾಗಿ ಮಾರ್ಪಡುವುದು ಸಹಜ. ಸದರ್ ಮುದರ್ರಿಸರು, ಇನ್‌ಸ್ಪೆಕ್ಟರರು, ದಾಖಲೆಗಳು ಎಲ್ಲವೂ ಉರ್ದುವಿನಲ್ಲಿ ಇದ್ದ ಶಾಲೆಯಲ್ಲಿ ಕನ್ನಡ ಕೇವಲ ಮೊದಲ ಮೆಟ್ಟಿಲಾಗಿ ಉಳಿಯಿತು. ಸಂಸ್ಥಾನದಲ್ಲಿ ಸಾಕ್ಷರತೆ ಎಷ್ಟು ಹಿಂದುಳಿದಿತ್ತೆಂದರೆ 1951ರ ಜನಗಣತಿಯ ಹೊತ್ತಿಗೂ ಹತ್ತು ಮಂದಿಯಲ್ಲಿ ಒಬ್ಬರಷ್ಟೂ ಅಕ್ಷರಸ್ಥರಿರಲಿಲ್ಲ.

ಈ ಕೊರತೆಯನ್ನು ತುಂಬಬಹುದಾಗಿದ್ದವು ಖಾಸಗಿ ಶಾಲೆಗಳು. ಗುಲಬರ್ಗಾದ ನೂತನ ವಿದ್ಯಾಲಯ 1907ರಲ್ಲಿ ಆರಂಭವಾಯಿತು. ಹೈದರಾಬಾದ್ ನಗರದ ವಿವೇಕವರ್ಧಿನಿಯೂ ಸುಮಾರು ಅದೇ ಕಾಲದ್ದು. ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ಸ್ಥಾಪಿತವಾಯಿತು. ಆದರೆ 1924ರ ಹೊತ್ತಿಗೆ ಸರಕಾರ ಪೂರ್ವಾನುಮತಿಯಿಲ್ಲದೆ ಖಾಸಗಿ ಶಾಲೆ ತೆರೆಯಕೂಡದೆಂಬ ನಿಯಮಗಳನ್ನು ತಂದಿತು. ತೆಲುಗು, ಮರಾಠಿ, ಕನ್ನಡ ಮೂರೂ ಪ್ರದೇಶಗಳಲ್ಲಿ ಇದರ ವಿರುದ್ಧ ಅಸಮಾಧಾನ ಹಬ್ಬಿತು. ಐಗಳ ಶಾಲೆಗಳಂತಹ ಚಿಕ್ಕ ಶಾಲೆಗಳು ಅರ್ಜಿ, ಮಂಜೂರಾತಿ, ತಪಾಸಣೆಗಳ ಜಾಲವನ್ನು ದಾಟಲಾರದೆ ಮುಚ್ಚಿದವು. ರಾಜಕೀಯ ಭೀತಿಯಿಂದ ಹುಟ್ಟಿದ ಈ ನಿಯಮ ಹಳ್ಳಿಯ ಮಗುವಿನ ಮರಳ ಹಲಗೆಯನ್ನೇ ಕಿತ್ತುಕೊಂಡಂತಾಯಿತು.

ಇಲ್ಲಿಂದ ಮುಂದೆ ಭಾಷೆ ಮತ್ತು ಧರ್ಮಗಳ ಗುರುತುಗಳು ಒಂದರ ಮೇಲೊಂದು ಕೂರತೊಡಗಿದವು. ಉರ್ದು ಸರಕಾರದ ಭಾಷೆ; ಸರಕಾರ ಮುಸ್ಲಿಂ ದೊರೆಯದು; ಆದ್ದರಿಂದ ಉರ್ದು ಮುಸ್ಲಿಮರ ಭಾಷೆ ಎಂಬ ಸಮೀಕರಣ ಬಲಿಯಿತು. ಕನ್ನಡ ಮಾತನಾಡುವ ಮುಸಲ್ಮಾನರೂ ಉರ್ದುವಿನಲ್ಲಿ ಪಾಂಡಿತ್ಯ ಪಡೆದ ಹಿಂದೂಗಳೂ ಈ ಸಮೀಕರಣದೊಳಗೆ ಹಿಡಿಯಲಿಲ್ಲ. ಕೊಪ್ಪಳ ಸೀಮೆಯ ದ್ಯಾಂಪುರದಿಂದ ಬಂದ ಸಿದ್ಧಯ್ಯ ಪುರಾಣಿಕರಾಗಲಿ ರಾಯಚೂರಿನ ಶಾಂತರಸರಾಗಲಿ ಉರ್ದು ಶಾಲೆಯ ವಾತಾವರಣದಲ್ಲಿ ಬೆಳೆದೇ ಕನ್ನಡದ ಮುಖ್ಯ ಲೇಖಕರಾದರು. ಗಜಲ್ ಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಿದವರಲ್ಲಿ ಶಾಂತರಸರು ಪ್ರಮುಖರು. ಉರ್ದು ಅವರಿಂದ ಕನ್ನಡವನ್ನು ಕಸಿಯಲಿಲ್ಲ. ಆದರೆ ಇಂತಹ ಪ್ರತಿಭಾವಂತರ ಉದಾಹರಣೆಯಿಂದ ವ್ಯವಸ್ಥೆಯನ್ನು ಸಮರ್ಥಿಸುವುದು ಸರಿಯಲ್ಲ. ದಡ ಸೇರಿದವರ ಮಾತು ಮಾತ್ರ ನಮಗೆ ಕೇಳಿಸುತ್ತದೆ, ಎರಡನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವರು ಏನನ್ನೂ ಬರೆದಿಡಲಿಲ್ಲ.

5. ಪರ್ಯಾಯ ಪ್ರಯತ್ನಗಳು

ಪ್ರಭುತ್ವದ ಚೌಕಟ್ಟಿನ ಹೊರಗೆ ನಡೆದ ಕೆಲವು ಪ್ರಯತ್ನಗಳು ನಮ್ಮ ಚರ್ಚೆಗೆ ಬಹಳ ಮುಖ್ಯ. ಅವುಗಳಲ್ಲಿ ಮೊದಲು ಹೇಳಬೇಕಾದುದು ಪಂಡಿತ ತಾರಾನಾಥರ ರಾಯಚೂರಿನ ಹಮದರ್ದ್ ಶಾಲೆ. ಮಂಗಳೂರಿನಲ್ಲಿ 1891ರಲ್ಲಿ ಜನಿಸಿದ ತಾರಾನಾಥರು ವೈದ್ಯ, ಸಂಗೀತಜ್ಞ, ಚಿಂತಕ. 1920ರ ಸುಮಾರಿಗೆ ಅವರು ಕಟ್ಟಿದ ಶಾಲೆಗೆ ಇಟ್ಟ ಹೆಸರೇ ಅರ್ಥಪೂರ್ಣ. ಹಮದರ್ದ್ ಎಂದರೆ ನೋವಿನಲ್ಲಿ ಪಾಲುದಾರ. ಕನ್ನಡ ಊರಿನ ಶಾಲೆಗೆ ಫಾರಸಿ ಮೂಲದ ಹೆಸರಿಡುವ ಮೂಲಕ ಅವರು ಭಾಷೆ ಮತ್ತು ಧರ್ಮಗಳ ಸಮೀಕರಣವನ್ನು ಆರಂಭದಲ್ಲಿಯೇ ನಿರಾಕರಿಸಿದರು. ಹಿಂದೂ ಮುಸ್ಲಿಂ ಐಕ್ಯವು ಅವರಿಗೆ ಸಭೆಯ ಘೋಷಣೆಯಾಗಿರಲಿಲ್ಲ. ಒಟ್ಟಿಗೆ ದುಡಿದು, ಒಟ್ಟಿಗೆ ಹಾಡಿ ಪಡೆಯಬೇಕಾದ ಅಭ್ಯಾಸವಾಗಿತ್ತು. ಧರ್ಮವು ಮನುಷ್ಯನಲ್ಲಿ ಹೇಗೆ ಹುಟ್ಟಿತೆಂಬುದನ್ನು ವಿಚಾರಿಸುವ 'ಧರ್ಮಸಂಭವ' ಅವರ ಪ್ರಸಿದ್ಧ ಕೃತಿ. ಧರ್ಮವನ್ನು ಒಪ್ಪಿಸುವುದಕ್ಕಿಂತ ವಿಚಾರಿಸುವುದು ಮುಖ್ಯವೆಂಬ ನಿಲುವು ಅವರದಾಗಿತ್ತೆಂಬುದಕ್ಕೆ ಆ ಶೀರ್ಷಿಕೆಯೇ ಸಾಕ್ಷಿ. ಸಂಸ್ಥಾನದ ಅಧಿಕಾರಿಗಳ ಸಂದೇಹಕ್ಕೆ ಗುರಿಯಾದ ಅವರು ಮುಂದೆ ತುಂಗಭದ್ರೆಯ ಆಚೆ ದಡದಲ್ಲಿ, ಆಗಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲದಲ್ಲಿ, ಪ್ರೇಮಾಯತನವೆಂಬ ಆಶ್ರಮವನ್ನು ಸ್ಥಾಪಿಸಿ 1942ರವರೆಗೆ ಬಾಳಿದರು. ಒಂದು ಹೊಳೆಯನ್ನು ದಾಟಿ ಹೋಗಬೇಕಾಗಿ ಬಂದುದು ಅಂದಿನ ಗಡಿಗಳ ಸ್ವರೂಪವನ್ನು ತಿಳಿಸುತ್ತದೆ.

ಎರಡನೆಯದು ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರ ಕಾರ್ಯ. ಬೀದರ್ ಜಿಲ್ಲೆಯಲ್ಲಿ ಕನ್ನಡಕ್ಕೆ ಉರ್ದುವಿನ ಜೊತೆಗೆ ಮರಾಠಿಯ ಒತ್ತಡವೂ ಇತ್ತು. ಪಟ್ಟದೇವರು ಜೋಳಿಗೆ ಹಿಡಿದು ಧಾನ್ಯ ಧನ ಕೂಡಿಸಿ ಮಕ್ಕಳಿಗೆ ಅನ್ನ, ವಸತಿ, ಅಕ್ಷರಗಳನ್ನು ಕೊಟ್ಟರು. ಶಾಲೆಯ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಇಂದಿಗೂ ಜನಜನಿತವಾದ ಮಾತು. ಈ ಮಾತನ್ನು ಕೇವಲ ಸಾಹಸದ ಕಥೆಯಾಗಿ ಓದದೆ ಶಿಕ್ಷಣದ ಇತಿಹಾಸದ ಸಾಕ್ಷ್ಯವಾಗಿ ಓದಬೇಕೆಂದು ನಮ್ಮ ಸೂಚನೆ. ಫಲಕಕ್ಕೂ ಪಾಠಕ್ಕೂ ಇರುವ ಅಂತರ ಆ ಕಾಲದ ಎಲ್ಲ ಶಾಲೆಗಳ ಸ್ಥಿತಿಯಾಗಿತ್ತು. ಪಟ್ಟದೇವರು ಆ ಅಂತರವನ್ನು ಮಗುವಿನ ಹಿತಕ್ಕಾಗಿ ಬಳಸಿಕೊಂಡರು. ಮಠದ ಶಾಲೆಯಾದುದರಿಂದ ಅಲ್ಲಿ ಶರಣಧರ್ಮದ ಬೋಧೆಯೂ ಇತ್ತು. ಆದರೆ ಅಸ್ಪೃಶ್ಯತೆಯನ್ನು ಒಪ್ಪದ ಪಟ್ಟದೇವರು ದಲಿತ ಮಕ್ಕಳಿಗೂ ಮಠದ ಬಾಗಿಲು ತೆರೆದರು. ಐಗಳ ಕಟ್ಟೆ ಮಾಡದಿದ್ದ ಕೆಲಸವಿದು. 1999ರಲ್ಲಿ ಲಿಂಗೈಕ್ಯರಾದ ಅವರು ನೂರು ವರ್ಷಗಳಿಗೂ ಮೀರಿದ ಬಾಳಿನಲ್ಲಿ ಸಂಸ್ಥಾನದ ಕಾಲವನ್ನೂ ಗಣರಾಜ್ಯದ ಕಾಲವನ್ನೂ ಕಂಡವರು.

ಜಾತಿಯ ಪ್ರಶ್ನೆಯಲ್ಲಿ ಹೈದರಾಬಾದ್ ನಗರದ ಭಾಗ್ಯರೆಡ್ಡಿ ವರ್ಮರನ್ನು (1888–1939) ನೆನೆಯದೆ ಮುಂದೆ ಹೋಗಲಾಗದು. ಆದಿಹಿಂದೂ ಚಳವಳಿಯ ನಾಯಕರಾದ ಅವರು ದಲಿತ ಮಕ್ಕಳಿಗಾಗಿ ನಗರದ ಕೇರಿಗಳಲ್ಲಿ ತೆಲುಗು ಪ್ರಾಥಮಿಕ ಶಾಲೆಗಳನ್ನು ನಡೆಸಿದರು. ದೀನಿಯಾತ್ ಮತ್ತು ಅಖ್ಲಾಕ್ ಎಂಬ ಎರಡು ಕೋಣೆಗಳಲ್ಲಿ ಈ ಮಕ್ಕಳು ಎಲ್ಲಿ ಕೂರಬೇಕು ಎಂಬುದಕ್ಕಿಂತ, ಶಾಲೆಯೊಳಗೆ ಬರಬಹುದೇ ಎಂಬುದೇ ಅವರ ಮುಂದಿದ್ದ ಪ್ರಶ್ನೆ. ಧಾರ್ಮಿಕ ವೈವಿಧ್ಯದ ಚರ್ಚೆ ಜಾತಿಯನ್ನು ಮರೆತಾಗ ಎಷ್ಟು ಟೊಳ್ಳಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ನಗರದಲ್ಲಿದ್ದ ಕನ್ನಡಿಗರು ಹೆಚ್ಚಿನವರು ನೌಕರಿ, ವಕೀಲಿ, ವ್ಯಾಪಾರ, ಕೂಲಿಗಳಿಗಾಗಿ ಬಂದವರು. ಕಾಚಿಗುಡದ ಸುತ್ತ ಬೆಳೆದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಅವರ ಮಕ್ಕಳಿಗೆ ಕನ್ನಡದ ನೆಲೆಗಳಾದವು. ಉಸ್ಮಾನಿಯಾದಲ್ಲಿ ಕನ್ನಡ ಬೋಧಿಸುತ್ತಿದ್ದ ಡಿ.ಕೆ. ಭೀಮಸೇನರಾಯರು ಈ ಚಟುವಟಿಕೆಗಳ ಬೆನ್ನೆಲುಬಾಗಿದ್ದರು. ಕನ್ನಡ ಸಾಹಿತ್ಯ ಸಮ್ಮೇಳನವು 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗಾದಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸೇರಿತು. ರಾಯಚೂರಿಗೆ ಪಂಜೆಯವರ ಆಯ್ಕೆ ಸಾಂಕೇತಿಕವಾಗಿ ಉಚಿತವಾದುದು. ಅವರು ಶಾಲಾ ತಪಾಸಣೆಯ ಕೆಲಸ ಮಾಡಿದವರು, ಮಕ್ಕಳ ಪದ್ಯ ಕಥೆಗಳಿಗೆ ಕನ್ನಡದಲ್ಲಿ ದಾರಿ ಹಾಕಿದವರು, ಪಠ್ಯಪುಸ್ತಕ ರಚಿಸಿದವರು. ಅವರ ಮಕ್ಕಳ ಸಾಹಿತ್ಯದಲ್ಲಿ ನೀತಿಯಿದೆ, ಉಪದೇಶದ ಭಾರವಿಲ್ಲ; ಹಾವು, ಹುಳು, ತೆಂಕಣ ಗಾಳಿಗಳ ಲೋಕದಲ್ಲಿ ಯಾವ ಮತದ ಮಗುವೂ ಪರಕೀಯನಾಗುವುದಿಲ್ಲ. ಅಂತಹ ಪಂಜೆಯವರು 1937ರಲ್ಲಿ ಹೈದರಾಬಾದಿನಲ್ಲಿಯೇ ಕೊನೆಯುಸಿರೆಳೆದರು.

6. 1938ರಿಂದ ಸಂವಿಧಾನದವರೆಗೆ

1930ರ ದಶಕದ ಕೊನೆಯಲ್ಲಿ ವಿದ್ಯಾಲಯಗಳು ರಾಜಕೀಯ ಸಂಘರ್ಷದ ನೆಲೆಗಳಾದವು. 1938ರಲ್ಲಿ ಉಸ್ಮಾನಿಯಾದ ಹಿಂದೂ ವಿದ್ಯಾರ್ಥಿಗಳು ವಸತಿಗೃಹದ ಪ್ರಾರ್ಥನಾ ಕೋಣೆಯಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದಾಗ ದೊಡ್ಡ ಮುಷ್ಕರ ನಡೆದು ನೂರಾರು ವಿದ್ಯಾರ್ಥಿಗಳು ಹೊರಬಿದ್ದರು. ಹಲವರು ನಾಗಪುರ ವಿಶ್ವವಿದ್ಯಾನಿಲಯದಲ್ಲಿ ಓದು ಮುಂದುವರಿಸಿದರು. ಅದೇ ಅವಧಿಯಲ್ಲಿ ಆರ್ಯಸಮಾಜದ ಸತ್ಯಾಗ್ರಹವೂ ನಡೆಯಿತು. ಪ್ರಾರ್ಥನೆಗೆಂದು ಬೇರೆ ಬೇರೆ ಕೋಣೆಗಳನ್ನು ಕೊಟ್ಟ ವ್ಯವಸ್ಥೆಯೇ ಆ ಕೋಣೆಯೊಳಗೆ ಏನನ್ನು ಹಾಡಬಹುದೆಂಬ ವಿವಾದಕ್ಕೆ ಎಡೆಯಾಯಿತು. ಇಬ್ಭಾಗವಾದ ಗಂಟೆಯ ತರ್ಕ ಇಲ್ಲಿ ತನ್ನ ತುದಿಯನ್ನು ಮುಟ್ಟಿತೆನ್ನಬಹುದು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಸಂವಿಧಾನ ಸಭೆ ಧರ್ಮಬೋಧನೆಯ ವಿಧಿಯನ್ನು ಚರ್ಚಿಸಿತು. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಒಂದು ಮತವನ್ನು ಬೋಧಿಸುವುದು ನ್ಯಾಯವಲ್ಲವೆಂದೂ, ಮತಗಳು ಅನೇಕವಾದಾಗ ಎಲ್ಲಕ್ಕೂ ಏರ್ಪಾಡು ಮಾಡುವುದು ಅಸಾಧ್ಯವೆಂದೂ ಡಾ. ಅಂಬೇಡ್ಕರ್ ವಾದಿಸಿದರು. ಅಂತಿಮವಾಗಿ 28ನೆಯ ಅನುಚ್ಛೇದದ ಪ್ರಕಾರ ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆ ನಿಷಿದ್ಧ. ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಗಳಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ದೀನಿಯಾತ್ ಮತ್ತು ಅಖ್ಲಾಕ್‌ನ ಗಂಟೆ ಸರಕಾರಿ ಶಾಲೆಯಿಂದ ಹೀಗೆ ಕಾನೂನಿನ ಬಲದಿಂದ ಮರೆಯಾಯಿತು.

ಭಾಷೆಯ ವಿಷಯದಲ್ಲಿ ಚಕ್ರ ತಿರುಗಿತು. ಕನ್ನಡ ಜಿಲ್ಲೆಗಳ ಶಾಲೆಗಳು ಕನ್ನಡಕ್ಕೆ ಮರಳಿದವು. ಇದು ನ್ಯಾಯವಾದ ಪರಿಮಾರ್ಜನೆ. ಆದರೆ ಅದರೊಡನೆ ಇನ್ನೊಂದು ಗುಂಪಿನ ಮಕ್ಕಳು ಹಿಂದಿನ ಕನ್ನಡ ಮಕ್ಕಳ ಸ್ಥಾನಕ್ಕೆ ಬಂದರು. ಉರ್ದು ಮನೆಮಾತಿನ ಬಡ ಮಕ್ಕಳಿಗೆ ಉನ್ನತ ಶಿಕ್ಷಣದ ಮತ್ತು ನೌಕರಿಯ ದಾರಿ ಒಮ್ಮೆಗೇ ಮುಚ್ಚಿತು. ದೊರೆಯ ಭಾಷೆ ಅವರ ಭಾಷೆಯೂ ಆಗಿದ್ದುದೇ ಅವರ ಅಪರಾಧವಾಯಿತು. ಇತ್ತ 1956ರ ಗಡಿರೇಖೆ ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಮುಂತಾದ ಕಡೆಗಳ ಕನ್ನಡಿಗರನ್ನು ಆಂಧ್ರಪ್ರದೇಶದ ಭಾಷಿಕ ಅಲ್ಪಸಂಖ್ಯಾತರನ್ನಾಗಿ ಮಾಡಿತು. 2014ರಿಂದ ಅವರು ತೆಲಂಗಾಣದವರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ಅನುಚ್ಛೇದ 1956ರಲ್ಲಿಯೇ ಸಂವಿಧಾನವನ್ನು ಸೇರಿದ್ದು ಇಂತಹ ಮಕ್ಕಳಿಗಾಗಿ. ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ ಕರ್ನಾಟಕದ 2015ರ ಕಾಯಿದೆಯೂ ತೆಲುಗನ್ನು ಕಡ್ಡಾಯಗೊಳಿಸಿದ ತೆಲಂಗಾಣದ 2018ರ ಕಾಯಿದೆಯೂ ಒಂದೇ ಮಾದರಿಯವು. ಗಡಿಯ ಎರಡು ಬದಿಯ ಮಕ್ಕಳ ಪಾಲಿಗೆ ಅವು ಯಾವ ಅರ್ಥ ಪಡೆಯುತ್ತವೆಂಬುದನ್ನು ಒಟ್ಟಿಗೆ ನೋಡುವ ಅಧ್ಯಯನಗಳು ಬೇಕು.

7. ಧರ್ಮಬೋಧನೆ ಮತ್ತು ಧರ್ಮಗಳ ಪರಿಚಯ

ನಿಷೇಧದಿಂದ ಪ್ರಶ್ನೆ ಮುಗಿಯಲಿಲ್ಲ. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ನೈತಿಕ ಮತ್ತು ಆಧ್ಯಾತ್ಮಿಕ ಮೌಲ್ಯಗಳ ಬೋಧನೆಯನ್ನು ಸಮರ್ಥಿಸಿತು. 1964–66ರ ಕೊಠಾರಿ ಆಯೋಗವು ಧಾರ್ಮಿಕ ಶಿಕ್ಷಣ ಬೇರೆ, ಧರ್ಮಗಳ ಬಗೆಗಿನ ಶಿಕ್ಷಣ ಬೇರೆ ಎಂಬ ಮುಖ್ಯ ಭೇದವನ್ನು ಗುರುತಿಸಿತು. 1999ರಲ್ಲಿ ವರದಿಯಿತ್ತ, ಮೌಲ್ಯಾಧಾರಿತ ಶಿಕ್ಷಣವನ್ನು ಕುರಿತ ಸಂಸದೀಯ ಸಮಿತಿಯ ಅಧ್ಯಕ್ಷರಾಗಿದ್ದ ಎಸ್.ಬಿ. ಚವಾಣರು ಹಳೆಯ ಹೈದರಾಬಾದ್ ಸಂಸ್ಥಾನದ ಮರಾಠವಾಡದವರೇ ಎಂಬುದು ಕುತೂಹಲಕರ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಗಳ ಬಗೆಗೆ ತಿಳಿವಳಿಕೆ ನೀಡುವುದು 28ನೆಯ ಅನುಚ್ಛೇದಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು.

ಕಾನೂನಿನ ದೃಷ್ಟಿಯಿಂದ ಈ ಭೇದ ಸ್ಪಷ್ಟ. ಆದರೆ ಎಂಟು ವರ್ಷದ ಮಗುವಿನ ತರಗತಿಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಪುಸ್ತಕದಲ್ಲಿ ಪ್ರತಿ ಧರ್ಮಕ್ಕೂ ಒಂದು ಪುಟ, ಒಬ್ಬ ಮಹಾಪುರುಷ, ಒಂದು ಹಬ್ಬವೆಂದು ಹಂಚಿಕೊಟ್ಟರೆ ಅದು ಎರಡು ಕವಲಿನ ಪದ್ಧತಿಯನ್ನು ಆರು ಕವಲಿಗೆ ವಿಸ್ತರಿಸಿದಂತೆ ಆಗುತ್ತದೆಯೇ ಹೊರತು ಅದರ ದೋಷ ನಿವಾರಣೆಯಾಗುವುದಿಲ್ಲ. ತಿಂಥಿಣಿಗೆ ಹೋಗಿಬಂದ ಮಗು ಆ ಪುಟಗಳಲ್ಲಿ ಯಾವುದರಲ್ಲಿಯೂ ತಾನು ಕಂಡುದನ್ನು ಕಾಣಲಾರದು. ಹಾಗಲ್ಲದೆ ತನ್ನ ಊರಿನ ಜಾತ್ರೆಗೆ ಯಾರು ಯಾರು ಬರುತ್ತಾರೆ, ಯಾರು ಏನನ್ನು ತರುತ್ತಾರೆ, ಯಾರಿಗೆ ಒಳಗೆ ಪ್ರವೇಶವಿಲ್ಲ, ಏಕಿಲ್ಲ ಎಂದು ಕೇಳಿ ತಿಳಿಯುವ ಪಾಠವು ಇತಿಹಾಸವೂ ಹೌದು, ಸಮಾಜ ಪರಿಚಯವೂ ಹೌದು, ಭಾಷಾಪಾಠವೂ ಹೌದು. ಧರ್ಮವನ್ನು ಪ್ರತ್ಯೇಕ ಗಂಟೆಯಿಂದ ಬಿಡಿಸಿ ಇತರ ವಿಷಯಗಳೊಳಗೆ ಮತ್ತೆ ನೆಲೆಗೊಳಿಸುವ ದಾರಿ ಇದು. ಐಗಳ ಶಾಲೆಯ ಸಮಗ್ರತೆಯನ್ನು ಅದರ ಬಹಿಷ್ಕಾರವಿಲ್ಲದೆ ಪಡೆಯುವ ದಾರಿಯೂ ಹೌದು. ಅದಕ್ಕೆ ಬೇಕಾದ ಮೊದಲ ಸಾಧನ ಮಗುವಿನ ಮನೆಮಾತು. ತನ್ನ ಅಜ್ಜಿಯನ್ನು ಪ್ರಶ್ನಿಸಲಾಗದ ಭಾಷೆಯಲ್ಲಿ ಇಂತಹ ಪಾಠ ಅಸಾಧ್ಯ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಾವು ತಲುಪುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ನಿಜಾಮ್ ಸಂಸ್ಥಾನದ ಧರ್ಮಬೋಧನೆಯ ಪದ್ಧತಿ ಮತಾಂತರದ ಯಂತ್ರವಾಗಿರಲಿಲ್ಲ. ಸಾಮರಸ್ಯದ ಶಾಲೆಯೂ ಆಗಿರಲಿಲ್ಲ. ಅದು ಪ್ರಜೆಗಳನ್ನು ಎರಡಾಗಿ ಎಣಿಸುವ ಆಡಳಿತದ ಕ್ರಮವನ್ನು ತರಗತಿಯೊಳಗೆ ತಂದಿತು. ಅದರ ನಿಜವಾದ ದೌರ್ಬಲ್ಯ ಧರ್ಮದ ಗಂಟೆಗಿಂತ ಹೆಚ್ಚಾಗಿ ಭಾಷೆಯಲ್ಲಿತ್ತು: ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳಿದ ಒಳ್ಳೆಯ ನೀತಿಯೂ ಬಾಯಿಪಾಠವಾಗಿಯೇ ಉಳಿಯುತ್ತದೆ. ತಾರಾನಾಥರು, ಪಟ್ಟದೇವರು, ಭಾಗ್ಯರೆಡ್ಡಿ ವರ್ಮರು ಬೇರೆ ಬೇರೆ ನಂಬಿಕೆಗಳಿಂದ ಹೊರಟವರು. ಆದರೂ ಮೂವರೂ ಮೊದಲು ನೋಡಿದ್ದು ಶಾಲೆಯ ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು.

ಈ ಕ್ಷೇತ್ರದಲ್ಲಿ ಇನ್ನೂ ಆಗಬೇಕಾದ ಕೆಲಸ ಬಹಳ. ತಾಲೀಮಾತ್ ಇಲಾಖೆಯ ಕಾಗದಪತ್ರಗಳು ಉರ್ದುವಿನಲ್ಲಿವೆ. ಕನ್ನಡ ಸಂಶೋಧಕರಲ್ಲಿ ಉರ್ದು ಓದಬಲ್ಲವರು ವಿರಳವಾಗುತ್ತಿದ್ದಾರೆ. ಉರ್ದು ಬಲ್ಲ ಇತಿಹಾಸಕಾರರಿಗೆ ಕನ್ನಡದ ಆತ್ಮಕಥನಗಳು, ಮಠಗಳ ದಾಖಲೆಗಳು, ಸ್ಮರಣ ಸಂಚಿಕೆಗಳು ಅಪರಿಚಿತ. ಆ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಕೂತವರ ಇತಿಹಾಸವನ್ನು ಬರೆಯುವುದಕ್ಕೆ ಈ ಎರಡೂ ಭಾಷೆಗಳ ಸಂಶೋಧಕರು ಮೊದಲು ಒಂದೇ ಮೇಜಿನ ಮುಂದೆ ಕೂರಬೇಕಾಗಿದೆ. ಕರ್ನಾಟಕದ ಹೊರಗೆ, ವಿಶೇಷವಾಗಿ ಹೈದರಾಬಾದಿನಲ್ಲಿ, ಕೆಲಸ ಮಾಡುತ್ತಿರುವ ಕನ್ನಡ ವಿದ್ವಾಂಸರಿಗೆ ಇದಕ್ಕೆ ಬೇಕಾದ ಅವಕಾಶ ಇತರರಿಗಿಂತ ಹೆಚ್ಚಾಗಿದೆ. ಅವರು ಈ ಕಾರ್ಯವನ್ನು ಕೈಗೆತ್ತಿಕೊಳ್ಳುವರೆಂದು ನಾವು ಆಶಿಸುತ್ತೇವೆ.